ಬಾಡಿಗೆ ಕುದುರೆ, ಬರಿತಲೆಯ ಸವಾರ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಿ.ಎಚ್. ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬರುವವರು ಹೆಲ್ಮೆಟ್ ಹಾಕದಿದ್ದರೆ 500 ರೂಪಾಯಿ ದಂಡ ಕಟ್ಟಬೇಕು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಕರ್ನಾಟಕದಲ್ಲಿ ಅದು 2016ರ ಜನವರಿಯಿಂದ ಜಾರಿಯಲ್ಲಿದೆ. ಅದೇ ರಸ್ತೆಯಲ್ಲಿ ಮದುವೆ ಮೆರವಣಿಗೆಗೆಂದು ಬಾಡಿಗೆ ಕುದುರೆ ತರಿಸಿ, ಮದುಮಗನ ಮುಂದೆ ಐದು ವರ್ಷದ ಹುಡುಗನನ್ನೂ ಕೂರಿಸಿ, ಅಕ್ಕಪಕ್ಕ ಬ್ಯಾಂಡ್‌ಸೆಟ್ಟು, ಮುಂದೆ ಪಟಾಕಿ ಸರ ಇಟ್ಟುಕೊಂಡು ಹೊರಟರೆ ತಲೆಗೇನು ಹಾಕಿದ್ದೀರಿ ಎಂದು ಕೇಳುವವರಿಲ್ಲ. ಕೇಳಲು ಕಾನೂನೂ ಇಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಮೋಟಾರ್‌ಸೈಕಲ್ ಏರಿದವರ ತಲೆಯನ್ನಷ್ಟೇ ಕಾಯುತ್ತದೆ. ಕುದುರೆಗೆ ಎಂಜಿನ್ ಇಲ್ಲವಲ್ಲ! ಜಾತ್ರೆಯಲ್ಲಿ, ವಸ್ತುಪ್ರದರ್ಶನದ ಮೈದಾನದಲ್ಲಿ, ರೆಸಾರ್ಟಿನ ಅಂಗಳದಲ್ಲಿ ದುಡ್ಡು ಕೊಟ್ಟು ಒಂದು ಸುತ್ತು ಹೊಡೆಯುವ ಮಕ್ಕಳದೂ ಇದೇ ಸ್ಥಿತಿ. ಹಣ ಪಡೆದು ಯಾರನ್ನಾದರೂ ಕುದುರೆ ಮೇಲೆ ಕೂರಿಸುವವರು ಮೂರು ವಸ್ತುಗಳನ್ನು ಒದಗಿಸಲೇಬೇಕು ಎಂಬ ಷರತ್ತನ್ನು ಜಿಲ್ಲಾಡಳಿತ, ಶಿವಮೊಗ್ಗ ಮಹಾನಗರ ಪಾಲಿಕೆ ಮತ್ತು ಭದ್ರಾವತಿ ನಗರಸಭೆ ಸೇರಿ ವಿಧಿಸಬೇಕು ಎಂಬುದು ಈ ಬರಹದ ವಾದ. ಸವಾರಿಗೆಂದೇ ತಯಾರಿಸಿದ ಹೆಲ್ಮೆಟ್ ಒಂದು. ಹಿಮ್ಮಡಿ ಎತ್ತರವಿರುವ ಶೂ, ಇಲ್ಲವೇ ಪಾದ ಒಳಗೆ ತೂರದಂತೆ ಮುಂಬದಿ ಮುಚ್ಚಿದ ರಿಕಾಪು ಇನ್ನೊಂದು. ಕುದುರೆಯ ಬೆನ್ನಿಗೂ ಸವಾರನ ಅಳತೆಗೂ ಒಪ್ಪುವ ಜೀನು ಮೂರನೆಯದು.

ಸವಾರಿಯ ಉಡುಪು ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಸಿನಿಮಾದ ಕೌಬಾಯ್: ಅಗಲ ಅಂಚಿನ ಹ್ಯಾಟು, ಜೀನ್ಸ್, ಚೂಪು ಮೂತಿಯ ಬೂಟು, ಕುತ್ತಿಗೆಗೆ ಕಟ್ಟಿದ ಕರವಸ್ತ್ರ. ಮದುವೆಗೆ ಮುಂಚಿನ ಫೋಟೊಶೂಟಿಗೂ ಈ ವೇಷ ಬಂದುಬಿಟ್ಟಿದೆ. ಆದರೆ ಇದು ವೇಷವಾಗಿ ಹುಟ್ಟಿದ್ದಲ್ಲ. ದನ ಮೇಯಿಸುವ, ದಿನವಿಡೀ ಜೀನಿನ ಮೇಲೇ ಕಳೆಯುವ ಕೂಲಿಯಾಳುಗಳ ಕೆಲಸದ ಬಟ್ಟೆ ಇದು. ಬಹುಪಾಲು ಸ್ಪೇನಿನಿಂದ ಮೆಕ್ಸಿಕೊಗೆ, ಮೆಕ್ಸಿಕೊದ ದನಗಾಹಿಗಳಿಂದ ಅಮೆರಿಕದವರಿಗೆ ಬಂದದ್ದು. ಜಾನ್ ಬಿ. ಸ್ಟೆಟ್‌ಸನ್ ಫಿಲಡೆಲ್ಫಿಯಾದಲ್ಲಿ 1865ರಲ್ಲಿ ಮಾರತೊಡಗಿದ ಅಗಲ ಅಂಚಿನ ಹ್ಯಾಟು ಬಿಸಿಲು, ಮಳೆ ತಡೆಯಲಿಕ್ಕೆಂದು ಇತ್ತು. ತೊಡೆಯ ಮೇಲೆ ಕಟ್ಟುವ ಚರ್ಮದ ಹೊದಿಕೆ ಮುಳ್ಳುಪೊದೆಗಾಗಿ, ಕರವಸ್ತ್ರ ದನದ ಹಿಂಡು ಎಬ್ಬಿಸುವ ದೂಳಿಗಾಗಿ. ಜೀನ್ಸಿನ ಜೇಬಿನ ಮೂಲೆಯಲ್ಲಿ ಇವತ್ತೂ ಕಾಣುವ ತಾಮ್ರದ ರಿವೆಟ್ಟಿಗೆ ಕುದುರೆಯ ನಂಟೇ ಇದೆ. ನೆವಾಡಾದ ರೀನೊ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಕುದುರೆಗಳಿಗೆ ಹೊದಿಸುವ ಕಂಬಳಿಯ ಪಟ್ಟಿಗಳನ್ನು ರಿವೆಟ್ ಹೊಡೆದು ಕೂಡಿಸುತ್ತಿದ್ದ. ಅದನ್ನೇ ಕೂಲಿಕಾರರ ಪ್ಯಾಂಟಿನ ಜೇಬಿಗೂ ಹೊಡೆದ. ಲಿವೈ ಸ್ಟ್ರಾಸ್ ಜೊತೆ ಸೇರಿ ಅದಕ್ಕೆ 1873ರ ಮೇ 20ರಂದು ಪೇಟೆಂಟ್ ಪಡೆದ. ಸವಾರರಿಗೆಂದೇ 1947ರಲ್ಲಿ ಬಂದ ರ್‍ಯಾಂಗ್ಲರ್ ಜೀನ್ಸಿನಲ್ಲಿ ರಿವೆಟ್ಟುಗಳನ್ನು ಚಪ್ಪಟೆಯಾಗಿಸಿದರು, ಜೀನಿನ ಚರ್ಮ ಗೀಚದಿರಲೆಂದು. ಒಂದೊಂದು ಹೊಲಿಗೆಗೂ ಹೀಗೆ ಒಂದು ಕಾರಣವಿತ್ತು. ಕಾರಣವನ್ನು ಅಲ್ಲೇ ಬಿಟ್ಟು ಹೊಲಿಗೆಯನ್ನು ಮಾತ್ರ ನಾವು ಕೊಂಡುಕೊಂಡಿದ್ದೇವೆ.

ಈ ಉಡುಪಿನಲ್ಲಿ ಜೀವಕ್ಕೆ ನೇರವಾಗಿ ಸಂಬಂಧಪಟ್ಟದ್ದು ಬೂಟು. ಕುದುರೆಯಿಂದ ಬೀಳುವುದಕ್ಕಿಂತ ಭಯಂಕರವಾದದ್ದು ಪೂರ್ತಿ ಬೀಳದೆ ಉಳಿಯುವುದು: ಪಾದ ರಿಕಾಪಿನೊಳಗೆ ಹಿಮ್ಮಡಿಯವರೆಗೆ ತೂರಿ ಸಿಕ್ಕಿಕೊಂಡಿತೆಂದರೆ, ಬೆದರಿ ಓಡುವ ಕುದುರೆ ಸವಾರನನ್ನು ಎಳೆದುಕೊಂಡೇ ಹೋಗುತ್ತದೆ. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿಯನ್ನು ನೆಲದ ಮೇಲೆ ತಲೆಕೆಳಗಾಗಿ ಜೋತುಬಿದ್ದವನು ನಿಲ್ಲಿಸಲಾರ. ಅದಕ್ಕೇ ಸವಾರಿಯ ಬೂಟಿಗೆ ಎತ್ತರದ ಹಿಮ್ಮಡಿ, ಪಾದ ಮುಂದಕ್ಕೆ ಜಾರದಂತೆ. ಸಿಕ್ಕಿಕೊಂಡರೂ ಸಲೀಸಾಗಿ ಹೊರಬರಲೆಂದು ಅಡಿ ನುಣುಪು. ಬೂಟು ಅಲ್ಲೇ ಉಳಿದು ಕಾಲಾದರೂ ಬಿಡಿಸಿಕೊಳ್ಳಲೆಂದು ಮೇಲ್ಭಾಗ ಸಡಿಲ, ಲೇಸ್ ಇಲ್ಲ. ನಮ್ಮ ನೆಲದ ಹಳೆಯ ಸವಾರರಿಗೂ ಈ ಪ್ರಶ್ನೆ ಎದುರಾಗಿತ್ತು. ಸಾಂಚಿ, ಮಥುರಾ ಕಡೆಯ ಎರಡು ಸಾವಿರ ವರ್ಷ ಹಿಂದಿನ ಶಿಲ್ಪಗಳಲ್ಲಿ ಬರಿಗಾಲ ಸವಾರರು ಕಾಲಿನ ಹೆಬ್ಬೆರಳನ್ನು ಮಾತ್ರ ಒಂದು ಕುಣಿಕೆಗೆ ಸಿಕ್ಕಿಸಿ ಕೂತಿದ್ದಾರೆ. ಜಗತ್ತಿನಲ್ಲಿ ರಿಕಾಪಿನ ಅತಿ ಹಳೆಯ ರೂಪಗಳಲ್ಲಿ ಅದೂ ಒಂದು. ಕುಣಿಕೆಯಲ್ಲಿ ಹೆಬ್ಬೆರಳಷ್ಟೇ ಇದ್ದಾಗ ಇಡೀ ಪಾದ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಲೋಹದ ಅಗಲ ರಿಕಾಪು ಬಂದ ಮೇಲೆ ಅಪಾಯ ಬಂತು, ಅಪಾಯದ ಹಿಂದೆಯೇ ಹಿಮ್ಮಡಿಯ ಬೂಟು ಬಂತು. ಈಗ ಮೆರವಣಿಗೆಯ ಕುದುರೆಯನ್ನು ನೋಡಿ: ಅದೇ ಅಗಲ ರಿಕಾಪು, ಅದರೊಳಗೆ ಹಿಮ್ಮಡಿಯೇ ಇಲ್ಲದ ಮೊಜಡಿ, ಮಕ್ಕಳಾದರೆ ಹವಾಯಿ ಚಪ್ಪಲಿ ಅಥವಾ ದಪ್ಪ ರಬ್ಬರ್ ಅಡಿಯ ಸ್ಪೋರ್ಟ್ಸ್ ಶೂ. ರಬ್ಬರ್ ಅಡಿಯಂತೂ ಲೋಹವನ್ನು ಹಿಡಿದರೆ ಬಿಡುವುದೇ ಇಲ್ಲ.

ಇನ್ನು ತಲೆ. ಕುದುರೆ ಮೇಲೆ ಕೂತ ದೊಡ್ಡವರ ತಲೆ ನೆಲದಿಂದ ಹೆಚ್ಚುಕಡಿಮೆ ಎಂಟು ಅಡಿ ಮೇಲಿರುತ್ತದೆ. ಸ್ಕೂಟರಿನಿಂದ ಬೀಳುವವರು ಇಷ್ಟು ಎತ್ತರದಿಂದ ಬೀಳುವುದಿಲ್ಲ. ಜೊತೆಗೆ ಬಿದ್ದವರ ಪಕ್ಕದಲ್ಲೇ ಲಾಳ ಹೊಡೆದ ನಾಲ್ಕು ಗೊರಸುಗಳಿರುತ್ತವೆ. ಅಮೆರಿಕದ ಟ್ರಾಮಾ ಆಸ್ಪತ್ರೆಗಳ ಹತ್ತು ವರ್ಷಗಳ ದಾಖಲೆಗಳನ್ನು ಜಾಲಾಡಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ರೀಡೆಯಿಂದಾಗಿ ಮಿದುಳಿಗೆ ಪೆಟ್ಟಾಗಿ ಬಂದ ವಯಸ್ಕರ ಪೈಕಿ ಶೇಕಡ 45ರಷ್ಟು ಮಂದಿ ಕುದುರೆ ಸವಾರಿಗೆ ಸಂಬಂಧಿಸಿದವರು ಎಂದು ಕಂಡುಬಂತು. ಫುಟ್‌ಬಾಲು, ಮುಷ್ಟಿಕಾಳಗ ಎಲ್ಲವೂ ಅದರ ಹಿಂದೆ. ಈ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಅಲ್ಲಿ ಸವಾರಿ ಮಾಡುವ ವಯಸ್ಕರು ಹೆಚ್ಚು. ಸಣ್ಣಪುಟ್ಟ ಪೆಟ್ಟಿನವರು ಅಂಥ ದೊಡ್ಡ ಆಸ್ಪತ್ರೆಗೆ ಬರುವುದಿಲ್ಲ. ಹಾಗಾಗಿ ಸವಾರಿ ಮಾಡಿದವರಲ್ಲಿ ಎಷ್ಟು ಜನ ಬೀಳುತ್ತಾರೆ ಎಂಬುದನ್ನು ಇದು ಹೇಳುವುದಿಲ್ಲ. ಬಿದ್ದವರ ಪೆಟ್ಟು ಎಂಥದ್ದು ಎಂಬುದನ್ನಂತೂ ಹೇಳುತ್ತದೆ. ಅವರು ಸವಾರಿ ಕಲಿತ ದೇಶದವರು ಎಂಬುದನ್ನೂ ಮರೆಯಬಾರದು. ನಮ್ಮ ಮದುಮಗ ಕುದುರೆ ಏರುವುದು ಜನ್ಮದಲ್ಲಿ ಒಂದೇ ಸಲ, ಅದೂ ನಡುಬೀದಿಯಲ್ಲಿ, ರಾತ್ರಿ ಹೊತ್ತು, ತಮಟೆಯ ನಡುವೆ.

ಪಾಶ್ಚಾತ್ಯ ಸವಾರಿಯ ಎಲ್ಲವನ್ನೂ ಕಣ್ಣುಮುಚ್ಚಿ ತರಬೇಕೆಂದು ಇದರ ಅರ್ಥವಲ್ಲ. ಬೂಟಿನ ವಿಷಯದಲ್ಲಿ ತೋರಿದ ಬುದ್ಧಿಯನ್ನು ಆ ಜನ ತಲೆಯ ವಿಷಯದಲ್ಲಿ ಬಹುಕಾಲ ತೋರಲಿಲ್ಲ. ಹ್ಯಾಟು ಬಿಸಿಲು ತಡೆದೀತೇ ಹೊರತು ಗೊರಸನ್ನಲ್ಲ. ಆದರೂ ಹ್ಯಾಟು ಗಂಡಸುತನದ, ಘನತೆಯ ಗುರುತಾಗಿ ಕೂತುಬಿಟ್ಟಿತು; ಕುದುರೆಯ ಶಿಸ್ತಿನ ನಡೆಗೆ ಅಂಕ ಕೊಡುವ ಯುರೋಪಿನ ಡ್ರೆಸಾಜ್ ಸ್ಪರ್ಧೆಯ ಸವಾರರು ಉದ್ದನೆಯ ಕರಿ ಟೋಪಿಯನ್ನು ಅಷ್ಟೇ ಹಟದಿಂದ ಉಳಿಸಿಕೊಂಡರು. ಆ ಹಟ ಸಡಿಲಾದದ್ದು ಪೆಟ್ಟು ತಿಂದ ಮೇಲೆ. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಪರ ಸ್ಪರ್ಧಿಸಿದ್ದ ಕೋರ್ಟ್ನಿ ಕಿಂಗ್-ಡೈ 2010ರ ಮಾರ್ಚಿನಲ್ಲಿ ಫ್ಲಾರಿಡಾದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಕುದುರೆ ಎಡವಿ ಬಿತ್ತು. ಆಕೆ ಹೆಲ್ಮೆಟ್ ಹಾಕಿರಲಿಲ್ಲ. ತಲೆಬುರುಡೆಗೆ ಪೆಟ್ಟು ಬಿದ್ದು ವಾರಗಟ್ಟಲೆ ಕೋಮಾದಲ್ಲಿದ್ದರು. ಚೇತರಿಸಿಕೊಂಡ ಮೇಲೆ ಹೆಲ್ಮೆಟ್ ಪರ ಗಟ್ಟಿಯಾಗಿ ಮಾತಾಡಿದರು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಫೆಡರೇಷನ್ 2021ರ ಜನವರಿ 1ರಿಂದ ಡ್ರೆಸಾಜಿನಲ್ಲೂ ಹೆಲ್ಮೆಟ್ ಕಡ್ಡಾಯ ಮಾಡಿತು. ಕೌಬಾಯ್‌ಗಳ ಸ್ವಂತ ಅಂಗಳವಾದ ರೋಡಿಯೊದಲ್ಲೂ ಹೀಗೇ. ಗೂಳಿ ಸವಾರಿಯ ಚಾಂಪಿಯನ್ ಲೇನ್ ಫ್ರಾಸ್ಟ್ 1989ರ ಜುಲೈ 30ರಂದು ವ್ಯೋಮಿಂಗಿನ ಶೈಯೆನ್‌ನಲ್ಲಿ ಗೂಳಿ ತಿವಿದು ಸತ್ತ ಮೇಲೆ ಅವನ ಗೆಳೆಯ ಕೋಡಿ ಲ್ಯಾಂಬರ್ಟ್ ಎದೆಗಾಪಿನ ಮೇಲಂಗಿ ರೂಪಿಸಿದ; ಅದು ಈಗ ಎಲ್ಲರ ಮೈಮೇಲಿದೆ. ಅಲ್ಲಿನ ವೃತ್ತಿಪರ ಗೂಳಿ ಸವಾರರ ಸಂಸ್ಥೆ 1994ರ ಅಕ್ಟೋಬರ್ 15ರಿಂದ ಈಚೆಗೆ ಹುಟ್ಟಿದವರಿಗೆ ಹೆಲ್ಮೆಟ್ ಕಡ್ಡಾಯ ಎಂದು ಗೆರೆ ಎಳೆದಿದೆ. ಹಳಬರ ಹ್ಯಾಟಿಗೆ ಕೈ ಹಾಕುವ ಧೈರ್ಯ ಸಾಲದೆ ಹೊಸಬರ ತಲೆಯನ್ನಾದರೂ ಉಳಿಸೋಣ ಎಂದುಕೊಂಡಂತಿದೆ. ನಾವು ಫೋಟೊಗಾಗಿ ಹ್ಯಾಟನ್ನು ತಲೆಗೇರಿಸುತ್ತಿರುವುದು ಅವರು ಅದನ್ನು ಇಳಿಸುತ್ತಿರುವ ಕಾಲದಲ್ಲಿ.

ಬಾಡಿಗೆ ಸವಾರಿಗೆ ಕಾನೂನು ಮಾಡುವುದು ವಿಚಿತ್ರವೇನಲ್ಲ. ಬ್ರಿಟನ್ 14 ವರ್ಷದೊಳಗಿನ ಮಕ್ಕಳು ರಸ್ತೆಯಲ್ಲಿ ಕುದುರೆ ಏರುವಾಗ ಹೆಲ್ಮೆಟ್ ಹಾಕಬೇಕೆಂದು 1990ರಲ್ಲೇ ಕಾಯ್ದೆ ತಂದಿತು. ಫ್ಲಾರಿಡಾ ರಾಜ್ಯ 2009ರಲ್ಲಿ 16 ವರ್ಷದೊಳಗಿನವರಿಗೆ ಇಂಥದ್ದೇ ಕಾನೂನು ಮಾಡಿತು. ನಮಗೆ ಹೆಚ್ಚು ಹೊಂದುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ 2001ರ ಕಾಯ್ದೆ. ಅದು ಸವಾರನನ್ನಷ್ಟೇ ಹಿಡಿಯುವುದಿಲ್ಲ. ಕುದುರೆ ಬಾಡಿಗೆಗೆ ಕೊಡುವ, ಸವಾರಿ ಕಲಿಸುವ ಸಂಸ್ಥೆಯನ್ನೂ ಹಿಡಿಯುತ್ತದೆ. 18 ವರ್ಷದೊಳಗಿನ ಯಾರನ್ನೇ ಕುದುರೆ ಮೇಲೆ ಕೂರಿಸುವ ಮುನ್ನ ಹೆಲ್ಮೆಟ್ ಇದೆಯೇ, ಶೂ ಗಟ್ಟಿ ನುಣುಪು ಅಡಿಯದೇ, ಹಿಮ್ಮಡಿ ಕಡೇಪಕ್ಷ ಒಂದೂವರೆ ಸೆಂಟಿಮೀಟರ್ ಇದೆಯೇ, ಜೀನು ಲಗಾಮುಗಳು ಕುದುರೆಗೂ ಸವಾರನಿಗೂ ಹೊಂದುತ್ತವೆಯೇ ಎಂದು ನೋಡುವುದು ಸಂಸ್ಥೆಯ ಹೊಣೆ. ಒಂದೂವರೆ ಸೆಂಟಿಮೀಟರ್ ಎಂದು ಕಾಯ್ದೆಯಲ್ಲಿ ಅಳತೆ ಬರೆದದ್ದು ನಗೆ ತರಿಸಬಹುದು. ಆದರೆ ದನಗಾಹಿಗಳು ನೂರಾರು ವರ್ಷ ಪ್ರಾಣ ಕೊಟ್ಟು ಕಂಡುಕೊಂಡದ್ದು ಆ ಅಳತೆಯಲ್ಲೇ ಇದೆ. ಅಳತೆ ಬರೆದರೆ ಸ್ಥಳದಲ್ಲಿರುವ ಸಿಬ್ಬಂದಿಯೂ ಒಂದು ಪಟ್ಟಿ ಹಿಡಿದು ಸರಿ ತಪ್ಪು ಹೇಳಬಹುದು. ಸೂಕ್ತ ಪಾದರಕ್ಷೆ ಎಂದಷ್ಟೇ ಬರೆದರೆ ಎಲ್ಲವೂ ಸೂಕ್ತವೇ ಆಗಿಬಿಡುತ್ತದೆ.

ಮೊದಲು ಎದುರಾಗುವ ಆಕ್ಷೇಪ ಪರಂಪರೆಯದು. ಕೆಳದಿ ಅರಸರ ಸೀಮೆಯಿದು, ಇಲ್ಲಿನ ರಾವುತರು ಪೇಟ ಸುತ್ತಿಕೊಂಡೇ ಕುದುರೆ ಏರಿದರು, ಇವತ್ತು ನಮಗೆ ಹೆಲ್ಮೆಟ್ಟಿನ ಪಾಠವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗೆಯ ಪಕ್ಕದಲ್ಲಿರುವ ಶಿವಪ್ಪ ನಾಯಕನ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಅಂಗಳದ ತುಂಬ ಸುತ್ತಲ ಊರುಗಳಿಂದ ತಂದಿಟ್ಟ ಶಿಲ್ಪಗಳು, ವೀರಗಲ್ಲುಗಳು. ಕರ್ನಾಟಕದ ವೀರಗಲ್ಲುಗಳಲ್ಲಿ ಕುದುರೆ ಏರಿ ನುಗ್ಗುವ ವೀರ ಪರಿಚಿತ ದೃಶ್ಯ. ಆದರೆ ಅವೆಲ್ಲ ಸತ್ತವರಿಗೆ ನೆಟ್ಟ ಕಲ್ಲುಗಳೆಂಬುದನ್ನು ವಾದದ ಭರದಲ್ಲಿ ಮರೆಯಬಾರದು. ಇನ್ನೊಂದು ಮಾತು: ಆ ಕಾಲದವರು ಕುದುರೆಯನ್ನು ಹಗುರವಾಗಿ ತೆಗೆದುಕೊಂಡವರಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 12ನೇ ಶತಮಾನದಲ್ಲೇ ಕುದುರೆಗಳ ಲಕ್ಷಣವನ್ನೂ, ಕುದುರೆ ಮೇಲೆ ಕೂತು ಚೆಂಡಾಡುವ ಆಟವನ್ನೂ ವಿವರವಾಗಿ ಹೇಳುತ್ತದೆ. ಕೆಳದಿಯ ಬಸವಪ್ಪ ನಾಯಕ ರಚಿಸಿದ ಶಿವತತ್ತ್ವರತ್ನಾಕರ ಎಂಬ ವಿಶ್ವಕೋಶದಲ್ಲಿ ಅಶ್ವಶಾಸ್ತ್ರಕ್ಕೂ ಜಾಗ ಸಿಕ್ಕಿದೆ. ಅಂದರೆ ಈ ನೆಲದ ಪರಂಪರೆ ಕುದುರೆ ಏರುವುದನ್ನು ಒಂದು ವಿದ್ಯೆ ಎಂದು ತಿಳಿದಿತ್ತು. ಕಲಿಯದವನನ್ನು ಗದ್ದಲದ ನಡುವೆ ಜೀನಿನ ಮೇಲೆ ಎತ್ತಿ ಕೂರಿಸುವುದು ಆ ಪರಂಪರೆಯ ಮುಂದುವರಿಕೆಯಲ್ಲ. ಸವಾರಿಯ ಉಡುಪು ಕಾಲಕ್ಕೆ ತಕ್ಕಂತೆ ಬದಲಾಗುವುದೂ ನಮಗೆ ಹೊಸದಲ್ಲ. ಜೋಧಪುರದ ಸರ್ ಪ್ರತಾಪ್ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಹೋದಾಗ ಪೋಲೊ ತಂಡದವರು ತೊಟ್ಟಿದ್ದ, ತೊಡೆಯಲ್ಲಿ ಸಡಿಲ ಮೊಣಕಾಲ ಕೆಳಗೆ ಬಿಗಿಯಾದ ಪೈಜಾಮವನ್ನು ಇಂಗ್ಲೆಂಡಿನವರು ಮೆಚ್ಚಿ ತಮ್ಮದಾಗಿಸಿಕೊಂಡರು; ಇಂದಿಗೂ ಅಲ್ಲಿ ಅದರ ಹೆಸರು ಜೋಧಪುರ್. ಅನುಕೂಲ ಕಂಡಲ್ಲಿ ಅವರು ನಮ್ಮಿಂದ ತೆಗೆದುಕೊಳ್ಳಬಹುದಾದರೆ ನಾವು ಅವರಿಂದ ಹೆಲ್ಮೆಟ್ ತೆಗೆದುಕೊಂಡರೆ ಮಾನ ಹೋಗುವುದಿಲ್ಲ. ನಮ್ಮ ಕಾಲದ ಕನ್ನಡ ನಾಡಿನ ಪ್ರಸಿದ್ಧ ಸವಾರ, ಬೆಂಗಳೂರಿನ ಫವಾದ್ ಮಿರ್ಜಾ, 2018ರ ಜಕಾರ್ತ ಏಷ್ಯಾಡಿನಲ್ಲಿ ಎರಡು ಬೆಳ್ಳಿ ಗೆದ್ದರು. ಅವರ ಸ್ಪರ್ಧೆಯ ಕ್ರಾಸ್‌ಕಂಟ್ರಿ ಸುತ್ತಿನಲ್ಲಿ ಹೆಲ್ಮೆಟ್ಟಿನ ಜೊತೆ ಎದೆಗಾಪಿಲ್ಲದೆ ಅಂಕಣಕ್ಕೇ ಬಿಡುವುದಿಲ್ಲ. ಅಷ್ಟು ನುರಿತವರಿಗೆ ಬೇಕಾದದ್ದು ಜಾತ್ರೆಯ ಹುಡುಗನಿಗೆ ಬೇಡವೇ?

ಊರಲ್ಲಿ ಎಷ್ಟು ಕುದುರೆಗಳಿವೆಯಪ್ಪಾ, ಇದಕ್ಕೊಂದು ನಿಯಮವೇ ಎಂಬುದು ಇನ್ನೊಂದು ಆಕ್ಷೇಪ. ಜಟಕಾಗಳ ಕಾಲ ಮುಗಿದ ಮೇಲೆ ಎರಡೂ ಊರುಗಳಲ್ಲಿ ಕುದುರೆ ಅಪರೂಪವಾಗಿದೆ, ನಿಜ. ಆದರೆ ಅಪರೂಪವಾದದ್ದರಿಂದಲೇ ಅಪಾಯ ಹೆಚ್ಚಿದೆ. ಜಟಕಾ ಇದ್ದಾಗ ಕುದುರೆ ಕಿವಿ ಹಿಂದಕ್ಕೆ ಮಡಚಿದರೆ ಏನರ್ಥ, ಅದರ ಹಿಂಬದಿಗೆ ಯಾಕೆ ಹೋಗಬಾರದು ಎಂಬುದು ಬೀದಿಯ ಹುಡುಗರಿಗೂ ಗೊತ್ತಿತ್ತು. ಈಗಿನ ಮಕ್ಕಳಿಗೆ ಕುದುರೆ ಒಂದು ಆಟಿಕೆ, ಬಸ್ ಚಾಲಕರಿಗೆ ಅದೊಂದು ಅಡ್ಡಿ. ಕುದುರೆಗಳು ಕಡಿಮೆ ಇರುವುದರಿಂದ ನಿಯಮ ಜಾರಿಯೂ ಸುಲಭ. ಸಾವಿರಾರು ಸ್ಕೂಟರುಗಳನ್ನು ತಡೆದು ನಿಲ್ಲಿಸಬೇಕಾದ ಪಾಡು ಇಲ್ಲಿಲ್ಲ. ಇನ್ನು ಭದ್ರಾವತಿಗಂತೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ (ಇಂದಿನ ವಿಐಎಸ್‌ಎಲ್) ಸುತ್ತ ಬೆಳೆದ ಊರು ಅದು. ತಲೆಗೆ ಹೆಲ್ಮೆಟ್, ಕಾಲಿಗೆ ಸೇಫ್ಟಿ ಶೂ ಇಲ್ಲದೆ ಕುಲುಮೆಯ ಹತ್ತಿರ ಹೋಗಬಾರದೆಂಬುದನ್ನು ವಿಐಎಸ್‌ಎಲ್ ಕಾರ್ಮಿಕರ ಮನೆಯ ಮಕ್ಕಳೂ ಅರಿತು ಬೆಳೆದರು. ಕೆಲಸಕ್ಕೆ ತಕ್ಕ ಉಡುಪು ಎಂದರೇನೆಂದು ತಿಳಿದ ಜನಕ್ಕೆ, ದನಗಾಹಿಯ ಬೂಟೂ ಕುಲುಮೆಯ ಬೂಟೂ ಒಂದೇ ಯೋಚನೆಯಿಂದ ಹುಟ್ಟಿದವು ಎಂಬುದು ತಟ್ಟನೆ ಹೊಳೆಯುತ್ತದೆ.

ದುಡ್ಡಿನ ಪ್ರಶ್ನೆ ಇದಕ್ಕಿಂತ ಕಷ್ಟದ್ದು, ತಳ್ಳಿಹಾಕುವಂಥದ್ದಲ್ಲ. ಮೆರವಣಿಗೆಗೆ ಕುದುರೆ ತರುವವರು ಶ್ರೀಮಂತರಲ್ಲ. ಮೇವು, ಹುರುಳಿ, ಲಾಳ, ಔಷಧಿ ಎಂದು ವರ್ಷಪೂರ್ತಿ ಖರ್ಚು; ಸಂಪಾದನೆ ಮದುವೆ ತಿಂಗಳುಗಳಲ್ಲಿ ಮಾತ್ರ. ಅವರ ಮೇಲೆ ದಂಡ ಹೇರಿ ನಾವು ಪುಣ್ಯ ಕಟ್ಟಿಕೊಳ್ಳುವುದು ಅನ್ಯಾಯ. ಹಾಗಾಗಿ ಖರ್ಚು ಬೀಳಬೇಕಾದದ್ದು ಕುದುರೆ ಕರೆಸುವವರ ಮೇಲೆ: ಪ್ರದರ್ಶನ ನಡೆಸುವ ಗುತ್ತಿಗೆದಾರ, ರೆಸಾರ್ಟಿನ ಮಾಲೀಕ, ಮೆರವಣಿಗೆಗೆ ಅನುಮತಿ ಕೇಳುವ ಕುಟುಂಬ. ಅಲಂಕಾರಕ್ಕೆ, ಪಟಾಕಿಗೆ, ಡ್ರೋನ್ ಕ್ಯಾಮೆರಾಗೆ ಖರ್ಚು ಮಾಡುವ ಮದುವೆಮನೆಗೆ ಹೆಲ್ಮೆಟ್ಟಿನ ಬಾಡಿಗೆ ಒಂದು ಲೆಕ್ಕವೇ ಅಲ್ಲ. ಈ ಸಾಮಗ್ರಿಯೆಲ್ಲ ವಿದೇಶದಿಂದ ಬರಬೇಕೆಂಬುದೂ ತಪ್ಪು ತಿಳಿವಳಿಕೆ. ಕಾನ್ಪುರ 19ನೇ ಶತಮಾನದಿಂದಲೂ ಜೀನು, ಲಗಾಮು, ಚರ್ಮದ ಪಟ್ಟಿಗಳಿಗೆ ಹೆಸರಾದ ಊರು. ಕಾನ್ಪುರದ ಜೀನುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಯುರೋಪು ಅಮೆರಿಕದ ಸವಾರರು ಅಲ್ಲಿಂದ ತರಿಸಿಕೊಳ್ಳುತ್ತಾರೆ. ಪಾಲಿಕೆ ಹತ್ತು ಹನ್ನೆರಡು ಹೆಲ್ಮೆಟ್ಟುಗಳನ್ನು ಬೇರೆಬೇರೆ ಅಳತೆಯಲ್ಲಿ ಕೊಂಡಿಟ್ಟು ದಿನಬಾಡಿಗೆಗೆ ಕೊಟ್ಟರೂ ಊರಿಗೆ ಸಾಕು. ಒಬ್ಬರ ಬೆವರು ಇನ್ನೊಬ್ಬರಿಗೆ ಎನ್ನುವವರಿಗೆ ಒಳಗೊಂದು ಹತ್ತಿಯ ಟೋಪಿ ಉತ್ತರ. ಸೆಕೆಯ ಮಾತು ಬಂದರೆ, ಸವಾರಿಯ ಹೆಲ್ಮೆಟ್ಟಿಗೆ ಗಾಳಿಕಿಂಡಿಗಳಿರುತ್ತವೆ; ಸುತ್ತುಸುತ್ತಾಗಿ ಬಿಗಿದ ಜರಿಪೇಟಕ್ಕಿಂತ ಅದು ತಂಪು.

ಮನೆಯಲ್ಲಿರುವ ಬೈಕ್ ಹೆಲ್ಮೆಟ್ಟನ್ನೇ ಹಾಕಿಕೊಂಡರಾಯಿತಲ್ಲ ಎನ್ನುವುದು ಸಹಜ. ಆದರೆ ಆ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಸಿಗುವುದು ದ್ವಿಚಕ್ರ ವಾಹನದ ಪೆಟ್ಟಿಗೆ ಹೊಂದುವ ಪರೀಕ್ಷೆಗಳಲ್ಲಿ. ಅದರ ಭಾರ ಮಕ್ಕಳ ಕತ್ತಿಗೆ ಹೆಚ್ಚು, ಕಿವಿ ಮುಚ್ಚಿಹೋಗಿ ಕುದುರೆ ಹಿಡಿದವನು ಕೂಗಿದ್ದು ಕೇಳದು, ಕೆಳಗಿನ ನೋಟವೂ ತುಂಡಾಗುತ್ತದೆ. ಸೈಕಲ್ ಹೆಲ್ಮೆಟ್ ಹಗುರ, ಆದರೆ ತಲೆಯ ಹಿಂಭಾಗವನ್ನು ಸಾಕಷ್ಟು ಮುಚ್ಚುವುದಿಲ್ಲ. ಕುದುರೆ ಸವಾರಿಯ ಹೆಲ್ಮೆಟ್ಟಿಗೆ ಪ್ರತ್ಯೇಕ ಮಾನದಂಡಗಳಿವೆ: ಅಮೆರಿಕದ ಎಎಸ್‌ಟಿಎಂ ಎಫ್ 1163, ಬ್ರಿಟನ್ನಿನ ಪಿಎಎಸ್ 015. ಒಳಗೆ ಅಂಟಿಸಿದ ಚೀಟಿಯಲ್ಲಿ ಇವುಗಳಲ್ಲೊಂದು ಇದೆಯೇ ಎಂದು ನೋಡಿದರೆ ಸಾಕು. ಒಮ್ಮೆ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಒಳಗಿನ ಫೋಮು ಪೆಟ್ಟನ್ನು ತಾನು ನುಂಗಿ ಕುಗ್ಗಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ಹೆಲ್ಮೆಟ್ಟಿನಿಂದ ಎಲ್ಲರೂ ಬದುಕುತ್ತಾರೆಯೇ ಎಂದರೆ, ಇಲ್ಲ. ಸೂಪರ್‌ಮ್ಯಾನ್ ಚಿತ್ರಗಳ ನಟ ಕ್ರಿಸ್ಟೋಫರ್ ರೀವ್ 1995ರ ಮೇ 27ರಂದು ವರ್ಜೀನಿಯಾದಲ್ಲಿ ಕುದುರೆಯಿಂದ ಬಿದ್ದಾಗ ಹೆಲ್ಮೆಟ್ಟೂ ಹಾಕಿದ್ದರು, ಎದೆಗಾಪೂ ತೊಟ್ಟಿದ್ದರು. ಕತ್ತಿನ ಮೂಳೆ ಮುರಿದು ಕತ್ತಿನ ಕೆಳಗೆ ದೇಹವೆಲ್ಲ ನಿಶ್ಚಲವಾಯಿತು. ಈ ಉದಾಹರಣೆಯನ್ನು ಹೆಲ್ಮೆಟ್ ವಿರೋಧಿಗಳು ಮುಂದಿಡುವುದುಂಟು. ಆದರೆ ಅದರಿಂದ ಏಳುವ ತೀರ್ಮಾನ ಬೇರೆ: ಉಡುಪು ಅಪಘಾತವನ್ನು ತಡೆಯುವುದಿಲ್ಲ, ಅಪಘಾತವಾದ ಮೇಲೆ ಆಗುವ ಕೆಲವು ಹಾನಿಗಳನ್ನು ಕಡಿಮೆ ಮಾಡುತ್ತದೆ. ಅಪಘಾತ ತಡೆಯಬೇಕಾದರೆ ಕುದುರೆಯ ಕಡೆಗೂ ನೋಡಬೇಕು. ಈ ಅರ್ಧ ನಮ್ಮ ಚರ್ಚೆಯಲ್ಲಿ ಬರುವುದೇ ಕಡಿಮೆ.

ಕುದುರೆ ಬೆದರುವುದು, ಒದೆಯುವುದು ಎಷ್ಟೋ ಸಲ ನೋವಿನಿಂದ. ಬೆನ್ನಿಗೆ ಹೊಂದದ ಜೀನು ಬೆನ್ನೆಲುಬಿನ ಮೇಲೆ ಒತ್ತಿ ಹುಣ್ಣು ಮಾಡುತ್ತದೆ; ಮೇಲೆ ಜರಿಯ ಹೊದಿಕೆ ಇದ್ದುದರಿಂದ ಕಾಣದು. ಹೊಟ್ಟೆಪಟ್ಟಿ ಸಡಿಲಾದರೆ ಜೀನು ಪಕ್ಕಕ್ಕೆ ತಿರುಗಿ ಸವಾರನೂ ಜೊತೆಗೇ ಕೆಳಗೆ. ಪಾಶ್ಚಾತ್ಯ ಜೀನನ್ನು ಹಾಗೇ ತಂದು ನಮ್ಮ ಸಣ್ಣ ತಟ್ಟುಗಳ ಮೇಲೆ ಹೇರುವುದೂ ತಪ್ಪೇ: ಹಗ್ಗ ಹಾಕಿ ಹಿಡಿದ ಹೋರಿಯ ಎಳೆತ ತಡೆಯಲೆಂದು ಮುಂದೆ ಕೊಂಬು ಇಟ್ಟ ಆ ಜೀನು ಹದಿನೈದು ಇಪ್ಪತ್ತು ಕಿಲೊ ತೂಗುತ್ತದೆ. ಮೆರವಣಿಗೆಯಲ್ಲಿ ಯಾರು ಹೋರಿ ಹಿಡಿಯುತ್ತಾರೆ? ಬಾಯಿಯ ಕಡಿವಾಣದ ಮಾತಂತೂ ಹೇಳಲೇಬೇಕು. ಮುಳ್ಳಿರುವ ಕಡಿವಾಣವನ್ನು ಕೇಂದ್ರ ಸರ್ಕಾರದ 1965ರ ನಿಯಮಗಳು ನಿಷೇಧಿಸಿ ದಶಕಗಳೇ ಆಗಿವೆ. ಆದರೂ ದೇಶದ ಹಲವೆಡೆ ಮದುವೆ ಕುದುರೆಗಳ ಬಾಯಲ್ಲಿ ಅದು ಸಿಗುತ್ತಲೇ ಇದೆ. ನಾಲಿಗೆ ಹರಿದ ಕುದುರೆ ಗದ್ದಲದ ನಡುವೆ ಶಾಂತವಾಗಿ ನಿಂತಿರಲಿ ಎಂದು ಬಯಸುವುದು ಮೂರ್ಖತನ. ಶಿವಮೊಗ್ಗಕ್ಕೆ ಇಲ್ಲೊಂದು ಅನುಕೂಲವಿದೆ, ಎಲ್ಲ ಜಿಲ್ಲಾಕೇಂದ್ರಗಳಿಗೂ ಇಲ್ಲದ್ದು: ಊರಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಮದುವೆ ಹಂಗಾಮಿಗೆ ಮೊದಲು ಬಾಡಿಗೆ ಕುದುರೆಗಳ ಬೆನ್ನು, ಬಾಯಿ, ಗೊರಸು ನೋಡಿ, ಜೀನು ಹೊಂದುತ್ತದೆಯೇ ಎಂದು ಪರೀಕ್ಷಿಸಿ ಒಂದು ಚೀಟಿ ಕೊಡುವುದು ಅಲ್ಲಿನ ಪ್ರಾಧ್ಯಾಪಕರಿಗೆ ಹೊರೆಯಾಗಲಿಕ್ಕಿಲ್ಲ. ವಿದ್ಯಾರ್ಥಿಗಳಿಗೂ ಪಾಠ, ಕುದುರೆಯವರಿಗೆ ಉಚಿತ ಚಿಕಿತ್ಸೆ. ಉಚಿತ ಎಂದರೆ ಅವರು ತಾವಾಗಿಯೇ ಬರುತ್ತಾರೆ ಎಂಬುದು ಮುಖ್ಯ.

ಉಳಿಯುವುದು ಮದುಮಗನ ಪೇಟ, ಬಾಸಿಂಗ. ಅವುಗಳ ಮೇಲೆ ಹೆಲ್ಮೆಟ್ ಕೂರದು, ಹೆಲ್ಮೆಟ್ ಹಾಕಿದ ಮದುಮಗನ ಫೋಟೊ ಮನೆಯವರಿಗೆ ಹಿಡಿಸದು. ಇಲ್ಲಿ ರಾಜಿ ಮಾಡಿಕೊಳ್ಳಬಹುದು. ವಯಸ್ಕರು ತಮ್ಮ ತಲೆಯ ಬಗ್ಗೆ ತಾವೇ ತೀರ್ಮಾನಿಸಲಿ, ಬ್ರಿಟನ್, ಒಂಟಾರಿಯೊ ಕಾನೂನುಗಳೂ ಮಕ್ಕಳಿಗಷ್ಟೇ ಕಟ್ಟುಪಾಡು ಹಾಕಿವೆ. ಆದರೆ ಆ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಕುದುರೆ ನಡಿಗೆಯಲ್ಲೇ ಇರಬೇಕು, ಇಬ್ಬರು ಎರಡೂ ಕಡೆ ಹಿಡಿದಿರಬೇಕು, ಸುತ್ತಮುತ್ತ ಪಟಾಕಿ ಹೊಡೆಯಕೂಡದು, ಕಾಲಲ್ಲಿ ಹಿಮ್ಮಡಿಯ ಶೂ ಇರಬೇಕು, ಅದನ್ನು ಜರಿಯಿಂದ ಎಷ್ಟು ಬೇಕಾದರೂ ಸಿಂಗರಿಸಲಿ. ಮದುಮಗನ ಮುಂದೆ ಮಗುವನ್ನು ಕೂರಿಸುವುದಂತೂ ಬೇಡವೇ ಬೇಡ. ಒಂದು ಜೀನು ಒಬ್ಬರಿಗೆ. 18 ವರ್ಷದೊಳಗಿನವರಿಗೆ ಹೆಲ್ಮೆಟ್ಟಿನಿಂದ ಯಾವ ನೆಪಕ್ಕೂ ವಿನಾಯಿತಿ ಇರಬಾರದು. ಪೊಲೀಸ್ ಠಾಣೆಯಲ್ಲಿ ಮೆರವಣಿಗೆಗೆ ಕೊಡುವ ಅನುಮತಿ ಪತ್ರದಲ್ಲೂ, ಪಾಲಿಕೆ ಮತ್ತು ನಗರಸಭೆ ವಸ್ತುಪ್ರದರ್ಶನಕ್ಕೆ ಮೈದಾನ ಕೊಡುವಾಗ ಮಾಡಿಕೊಳ್ಳುವ ಕರಾರಿನಲ್ಲೂ ಈ ಷರತ್ತುಗಳನ್ನು ಸೇರಿಸಲು ವಿಧಾನಸೌಧದಿಂದ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಮದುವೆ ಹಂಗಾಮಿನೊಳಗೆ, ಪಶುವೈದ್ಯರ ಚೀಟಿಯ ನಕಲು ಲಗತ್ತಿಸದ ಅರ್ಜಿಯನ್ನು ಠಾಣೆಯಲ್ಲಿ ತೆಗೆದುಕೊಳ್ಳಬಾರದೆಂದು ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಸೇರಿ ಒಂದು ಸುತ್ತೋಲೆ ಹೊರಡಿಸಬಹುದು.